ಗೋಡೆಯಾಚೆಯ ಸುತ್ತಿಗೆಗಳು

ಹಸಿ ಕಾಂಕ್ರೀಟ್ ಛಾವಣಿಯನ್ನು ಹೊತ್ತ ಸೆಂಟ್ರಿಂಗ್ ಕಂಬ ಬಿಚ್ಚುವ ಅನುಮತಿಪತ್ರದಲ್ಲಿ ಎಂಜಿನಿಯರರ ಸಹಿ ಇರಲಿಲ್ಲ. ಆದರೂ ಮೇಲ್ವಿಚಾರಕ ಗೆಥಿನ್ ಬಿಚ್ಚಿಸಿದ್ದ. ಛಾವಣಿ ಕೂಲಿಗಳ ಮೇಲೆ ಕುಸಿಯಿತು. ಹತ್ತು ವರ್ಷಗಳ ನಂತರ, ವೇಲ್ಸ್‌ನ ಸ್ವಾನ್ಸಿಯಲ್ಲಿ ಮತ್ತೆ ಕೆಲಸ ಶುರುವಾದ ಅದೇ ಕಟ್ಟಡದಲ್ಲಿ, ಹೊಸ ಮೇಲ್ವಿಚಾರಕರಾದ ನಮಗೆ ಅವನೇ ತರಬೇತಿ ಕೊಟ್ಟ.

"ಬಡಿದು ನೋಡೋ. ಭಾರ ಹೊತ್ತ ಕಂಬ ಗಣ್ ಅನ್ನುತ್ತೆ, ನಿನ್ನ ತಲೆ ಥರ ಟೊಳ್ಳು ಸದ್ದು ಬರಲ್ಲ."

ನಾನು ಸುತ್ತಿಗೆಯಿಂದ ಬಡಿದೆ. ಜನವರಿಯ ಚಳಿಯಲ್ಲೂ ಕಬ್ಬಿಣ ಮೈಯಂತೆ ಬೆಚ್ಚಗಿತ್ತು. ಗೋಡೆಯಾಚೆಯ ಖಾಲಿ ಕೋಣೆಯಿಂದ ಬೇರೆ ಬೇರೆ ಸುತ್ತಿಗೆಗಳು ಒಂದರ ಹಿಂದೊಂದು ಉತ್ತರಿಸಿದವು.

"ಎಷ್ಟು ಜನ?" ಗೆಥಿನ್ ಪಿಸುಗುಟ್ಟಿದ. "ಸರಿಯಾಗಿ ಎಣಿಸೋ ಮಾರಾಯ."

ಮತ್ತೆ ಬಡಿದೆ. "ನಾಲ್ಕು."

ಅವನು ಹೆಲ್ಮೆಟ್ ತೆಗೆದು ನೆಲದ ಮೇಲೆ ಕೂತ. "ನಂಗೂ ಯಾವಾಗ್ಲೂ ನಾಲ್ಕೇ ಕೇಳ್ಸುತ್ತೆ."

ಆ ಕುಸಿತದ ವಿಚಾರಣೆಯ ವರದಿಯನ್ನು ಆಮೇಲೆ ಓದಿದೆ. ಅವಶೇಷದಡಿ ಸಿಕ್ಕ ಹೆಣಗಳು ಮೂರು.