ಬಿಂದು ಮುಟ್ಟದ ಪೂಜೆ

ಒಂಬತ್ತೂವರೆಯಾದರೂ ಪೂಜೆಯ ಕೋಣೆಯಿಂದ ಗಂಟೆಯ ಸದ್ದು ಕೇಳಲಿಲ್ಲ. ಶಿಷ್ಯೆ ಬಾಗಿಲು ತಳ್ಳಿದಳು. ಗುರುತಾಯಿ ಶ್ರೀಚಕ್ರದ ಮುಂದೆ ಕೂತಂತೆಯೇ ಗೋಡೆಗೆ ವಾಲಿದ್ದರು. ಕಣ್ಣು ತೆರೆದೇ ಇತ್ತು. ಉಸಿರಿರಲಿಲ್ಲ.

ಶಿಷ್ಯೆ ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವವಳು. ಚಪ್ಪಲಿ ಮೆಟ್ಟದೆ ಡಾಕ್ಟರರ ಮನೆಗೆ ಓಡಿದಳು. ಹೆಣದ ಬಳಿ ಉಳಿದವನು ಅದೇ ಮನೆಯಲ್ಲಿದ್ದ ಗುರುತಾಯಿಯ ತಮ್ಮ, ಔಷಧಿ ಅಂಗಡಿಯವನು.

ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಗೇಟಿನ ಮುಂದೆ ಜನ ಜಮಾಯಿಸಿದ್ದರು. ತಂತ್ರದ ದೇವಿ ಬೆಂಕಿಯಿದ್ದಂತೆ, ಎಲ್ಲೋ ತಪ್ಪಾಗಿದೆ, ಸುಟ್ಟಳು ಎಂದರು ಕೆಲವರು. ಮಿಕ್ಕವರ ಕಣ್ಣು ಹೊಲಿಗೆಯವಳ ಮೇಲಿತ್ತು. ಅದಕ್ಕೆ ಕಾರಣ ಶ್ರೀಚಕ್ರದ ಪಕ್ಕದಲ್ಲಿದ್ದ ಬೆಳ್ಳಿ ಬಟ್ಟಲು. ಅದು ಬರಿದಾಗಿತ್ತು, ತಳದಲ್ಲಿ ಅಂಟಿದ್ದ ಬಿಳಿ ಪುಡಿಗೆ ಕಟು ವಾಸನೆ.

"ಅಕ್ಕ ಇದನ್ನ ಕುಡಿದಿದ್ದಾಳೆ," ಎಂದ ತಮ್ಮ. "ಹಾಲು ಜೇನು ಬೆರೆಸಿ ತುಂಬಿಸಿಟ್ಟವಳು ಇವಳು. ನಾನು ಹೆಚ್ಚಿಗೆ ಏನೂ ಹೇಳಲ್ಲ."

ಹೆಚ್ಚಿಗೆ ಹೇಳುವ ಅಗತ್ಯವೂ ಇರಲಿಲ್ಲ. ಗೇಟಿನ ಆಚೆ ಯಾರೋ ಕಲ್ಲು ಎತ್ತಿಕೊಂಡಿದ್ದರು. ಇನ್ಸ್‌ಪೆಕ್ಟರ್ ಹುಡುಗಿಗೆ ತನ್ನ ಮೈ ಅಡ್ಡ ಹಿಡಿದು ಜೀಪಿಗೆ ಹತ್ತಿಸಿದಳು.

* * *

ಹದಿನೈದು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ಕಂಡ ತಂತ್ರವೆಂದರೆ ನಿಂಬೆಹಣ್ಣು, ಗೊಂಬೆ, ಮೋಸಹೋದ ಹೆಂಗಸರು. ಹಾಗಾಗಿ ಪ್ರಶ್ನೆಗಳೂ ಒರಟಾಗಿಯೇ ಬಂದವು. ಹುಡುಗಿ ಅಳಲಿಲ್ಲ. ಠಾಣೆಯ ಮೇಜಿನ ಮೇಲಿದ್ದ ಶ್ರೀಚಕ್ರದ ಫೋಟೋವನ್ನೇ ನೋಡುತ್ತಿದ್ದಳು.

"ಅಮ್ಮ ಆ ಬಟ್ಟಲು ಕುಡಿದಿರೋಕೆ ಸಾಧ್ಯ ಇಲ್ಲ ಮೇಡಂ."

"ಯಾಕೆ?"

ಅವಳು ಬೆರಳಿಟ್ಟು ತೋರಿಸಿದಳು. ಚಕ್ರಕ್ಕೆ ಒಂಬತ್ತು ಸುತ್ತು. ಹೊರಗಿನ ಚೌಕದಿಂದ ಶುರುಮಾಡಿ ಒಂದೊಂದೇ ಸುತ್ತಿಗೆ ಹೂವಿಡುತ್ತಾ ಒಳಗೆ ಹೋಗಬೇಕು. ಒಂಬತ್ತನೆಯದು ನಡುವಿನ ಬಿಂದು. ಅಲ್ಲಿ ದೇವಿ ಕೂತಿರುತ್ತಾಳೆ. ಬಿಂದು ಮುಟ್ಟಿ ಪೂಜೆ ಮುಗಿದ ಮೇಲೇ ಬಟ್ಟಲಿನದು ಪ್ರಸಾದ. ಅಲ್ಲಿವರೆಗೆ ಗುಟುಕೂ ಇಲ್ಲ.

"ಹೂವು ಎಲ್ಲಿ ನಿಂತಿದೆ ನೋಡಿ."

ಇನ್ಸ್‌ಪೆಕ್ಟರ್ ಎಣಿಸಿದಳು. ಐದನೆಯ ಸುತ್ತು. ಒಳಗಿನ ನಾಲ್ಕೂ ಸುತ್ತು ಖಾಲಿ.

"ನಲವತ್ತು ವರ್ಷ ಅಮ್ಮ ಕ್ರಮ ತಪ್ಪಿಲ್ಲ," ಎಂದಳು ಹುಡುಗಿ.

"ಪೂಜೆಗೆ ಮುಂಚೆ ಏನಾದ್ರೂ ತಗೊಳ್ತಿದ್ರಾ?"

"ಉಪವಾಸ. ಬಿಪಿ ಮಾತ್ರೆ ಮಾತ್ರ, ಒಂದು ಗುಟುಕು ನೀರಲ್ಲಿ."

"ಕೊಡೋರು ಯಾರು?"

ಹುಡುಗಿ ತಲೆಯೆತ್ತಿದಳು. ಆ ಯೋಚನೆ ಅವಳಿಗೂ ಆಗಷ್ಟೇ ಬಂದಂತಿತ್ತು.

* * *

ಶವಪರೀಕ್ಷೆ ಮಾಡುತ್ತಿದ್ದ ಡಾಕ್ಟರರಿಗೆ ಇನ್ಸ್‌ಪೆಕ್ಟರ್ ಫೋನಿನಲ್ಲಿ ಕೇಳಿದ್ದು ಒಂದೇ: ಹೊಟ್ಟೆಯಲ್ಲಿ ಹಾಲಿದೆಯೇ? ಒಂದು ತೊಟ್ಟೂ ಇರಲಿಲ್ಲ. ಇದ್ದದ್ದು ಸ್ವಲ್ಪ ನೀರು, ವಿಷ, ಅರ್ಧ ಕರಗಿದ ಕ್ಯಾಪ್ಸೂಲಿನ ಸಿಪ್ಪೆ. ಗುರುತಾಯಿಯ ಬಿಪಿ ಔಷಧಿಯೋ, ಚಪ್ಪಟೆ ಮಾತ್ರೆ.

ಹಾಗಾದರೆ ಬಟ್ಟಲಿನ ಹಾಲು ಎಲ್ಲಿ ಹೋಯಿತು? ಇನ್ಸ್‌ಪೆಕ್ಟರ್ ಹುಡುಗಿಯನ್ನು ಕರೆದುಕೊಂಡು ಮತ್ತೆ ಪೂಜೆಯ ಕೋಣೆಗೆ ಹೋದಳು. ಕಿಟಕಿಯಲ್ಲಿ ತುಳಸಿ ಕುಂಡ. ಮಣ್ಣಿಗೆ ಇರುವೆ ಮುತ್ತಿತ್ತು. ಬೆರಳಿಟ್ಟಳು: ಜೇನಿನ ಅಂಟು.

ಜಗಲಿಯಲ್ಲಿ ಹೆಂಗಸರು ಕಾಯುತ್ತಿದ್ದರು. ಮಧ್ಯಾಹ್ನ ಎಲ್ಲರ ಎದುರಿಗೆ ಒಂದು ಮಾತು ಹೇಳುವುದಿದೆ ಎಂದು ಗುರುತಾಯಿ ಕರೆಸಿದ್ದರಂತೆ. ಏನು ಮಾತು ಎಂಬುದರ ಸುಳಿವು ಒಬ್ಬಳಿಗೆ ಮಾತ್ರ ಇತ್ತು. ಅವಳ ಮಡಿಲಲ್ಲಿ ಫಿಟ್ಸ್ ಬರುವ ನಾಲ್ಕು ವರ್ಷದ ಮಗು. ಮಗುವಿನ ಕೊರಳಲ್ಲಿ ತಾಯತ. ಇದು ನಿಮ್ಮದೇ ತಾಯತ ತಾನೇ ಎಂದು ನಿನ್ನೆ ಗುರುತಾಯಿಗೆ ತೋರಿಸಿದಾಗ ಅವರ ಮುಖ ಬಿಳಿಚಿತ್ತಂತೆ.

* * *

ತಮ್ಮನನ್ನು ಇನ್ಸ್‌ಪೆಕ್ಟರ್ ಅದೇ ಜಗಲಿಯಲ್ಲಿ ನಿಲ್ಲಿಸಿದಳು.

ಪೂಜೆ ಐದನೆಯ ಸುತ್ತಿಗೇ ನಿಂತಿದೆ, ಅಂದಮೇಲೆ ಬಟ್ಟಲನ್ನು ಗುರುತಾಯಿ ಮುಟ್ಟಿಲ್ಲ ಎಂದಳು. ವಿಷ ಒಳಗೆ ಹೋದದ್ದು, ದಿನಾ ಮಾತ್ರೆ ಕೊಡುವ ತಮ್ಮ ಇಂದು ಅದರ ಜಾಗದಲ್ಲಿ ಕೊಟ್ಟ ಕ್ಯಾಪ್ಸೂಲಿನಿಂದ. ಅದು ಕರಗುವಷ್ಟರಲ್ಲಿ ಅವರು ಐದು ಸುತ್ತು ಮುಗಿಸಿದ್ದರು. ಹುಡುಗಿ ಡಾಕ್ಟರರ ಮನೆಗೆ ಓಡಿದಾಗ ಕೋಣೆಯಲ್ಲಿ ಒಬ್ಬನೇ ಇದ್ದವನು ಹಾಲನ್ನು ಕುಂಡಕ್ಕೆ ಸುರಿದ, ಬಟ್ಟಲಿಗೆ ಪುಡಿ ಉದುರಿಸಿದ.

"ನಲವತ್ತು ವರ್ಷ ಒಂದೇ ಸೂರಿನಡಿ ಇದ್ರಿ. ಅಕ್ಕನ ಪೂಜೆಯ ಕ್ರಮ ಮಾತ್ರ ನಿಮಗೆ ಗೊತ್ತಿರಲಿಲ್ಲ."

ಇನ್ಸ್‌ಪೆಕ್ಟರ್ ಮಗುವಿನ ಕೊರಳಿನತ್ತ ಕೈತೋರಿದಳು. ಅಕ್ಕನ ಹೆಸರಲ್ಲಿ ಅವನು ಮಾರಿದ ತಾಯತ, ಜೊತೆಗೆ ನಲವತ್ತೊಂದು ದಿನ ಫಿಟ್ಸಿನ ಮಾತ್ರೆ ನಿಲ್ಲಿಸಬೇಕೆಂಬ ಕಟ್ಟಳೆ. ನಿನ್ನೆ ಅದು ಬಯಲಾಯಿತು. ಇಂದು ಎಲ್ಲರ ಎದುರು ಒಪ್ಪಿಕೊಳ್ಳಬೇಕೆಂದು ಅಕ್ಕ ಹೇಳಿದ್ದರು, ಅಲ್ಲವೇ ಎಂದಳು.

"ಜನ ಬರೋದು ಹೆದರಿಕೆಯಿಂದ, ಭಕ್ತಿಯಿಂದಲ್ಲ," ಎಂದ ಕೊನೆಗೆ. "ಅವಳು ಒಳಗೆ ಕೂತು ಹೂವಿಡ್ತಿದ್ಲು. ಅವಳ ದೇವಿಗೆ ಹೆಸರು ತಂದಿದ್ದು ನಾನು. ನನಗೇ ತಲೆ ತಗ್ಗಿಸು ಅಂದ್ಲು."

ಪೇದೆಗಳು ಅವನ ತೋಳು ಹಿಡಿದರು. ಮಗುವಿನ ತಾಯಿ ತಾಯತವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮೆಲ್ಲಗೆ ಕೇಳಿದಳು:

"ಇನ್ನು ಆರೇ ದಿನ ಉಳಿದಿತ್ತು ಮೇಡಂ. ನಡುವೆ ಬಿಚ್ಚಿದ್ರೆ ದೇವಿ ಮುನಿಸ್ಕೊಳ್ಳಲ್ವಾ?"

ಹೊಲಿಗೆಯವಳು ಮುಂದೆ ಬಂದು ಮಂಡಿಯೂರಿದಳು.

"ತಾಯಿ ಯಾವತ್ತಾದ್ರೂ ಮಗು ಮೇಲೆ ಮುನಿಸ್ಕೊಳ್ತಾಳಾ ಅಕ್ಕಾ?"

ಹಲ್ಲಿನಿಂದಲೇ ತಾಯತದ ದಾರ ಕಡಿದಳು.

ಮನೆ ಮುಂದೆ ಇದ್ದದ್ದು ಒಂದೇ ಜೀಪು. ಇನ್ಸ್‌ಪೆಕ್ಟರ್ ತಾಯಿ ಮಗುವನ್ನು ಅದರ ಮುಂದಿನ ಸೀಟಿಗೆ ಹತ್ತಿಸಿ, ಮೊದಲು ಆಸ್ಪತ್ರೆಗೆ ಬಿಡು ಎಂದಳು ಡ್ರೈವರಿಗೆ. ಕೋಳ ತೊಟ್ಟವನು ಅದು ಹಿಂತಿರುಗುವ ತನಕ ಬಿಸಿಲಲ್ಲೇ ನಿಂತಿದ್ದ.