ಹೌದು ಅನ್ನುವ ತನಕ

ಕಣ್ಣಿನ ಪವರ್ ಬದಲಾಗದೆಯೇ ಗಂಡಸೊಬ್ಬ ಒಂದೇ ತಿಂಗಳಲ್ಲಿ ಎರಡು ಸಲ ಕನ್ನಡಕದ ಫ್ರೇಮ್ ಬದಲಿಸಿದರೆ ಏನರ್ಥ? ಚಿಕ್ಕ ಪಾಸ್ಟರ್‌ಗೆ ಅರ್ಥವಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಬದಲಿಸಿದವರು ಕಾಲೇಜಿನ ಮೇಷ್ಟ್ರು. ಬದಲಿಸಿಕೊಟ್ಟವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವಳೂ ಅವಳೇ. ಎರಡು ವರ್ಷದಿಂದ ಚಿಕ್ಕ ಪಾಸ್ಟರ್ ಪ್ರಾರ್ಥನೆಗೆ ಕಣ್ಣು ಮುಚ್ಚುವ ಮೊದಲು ಒಮ್ಮೆ ಆರ್ಗನ್ ಕಡೆ ನೋಡುತ್ತಿದ್ದ. ನೋಡುತ್ತಿದ್ದ, ಅಷ್ಟೇ. "ಪ್ರಸಂಗಕ್ಕೆ ನಿಂತ್ರೆ ಹುಲಿ, ಅವಳೆದುರು ಇಲಿ" ಎಂದು ಅವನ ಅತ್ತಿಗೆ ಮನೆಯಲ್ಲಿ ಆಡಿಕೊಳ್ಳುತ್ತಿದ್ದಳು.

ಸಂಕಟವೇನೆಂದರೆ, ಮೇಷ್ಟ್ರನ್ನು ಚರ್ಚಿಗೆ ಕರೆತಂದವನು ಅವನೇ. ಆಧುನಿಕೋತ್ತರ ಚಿಂತನೆಯ ಎದುರು ಕ್ರೈಸ್ತ ನಂಬಿಕೆ ಹೇಗೆ ನಿಲ್ಲುತ್ತದೆ ಎಂದು ಆರಾಧನೆಯ ಬಳಿಕ ಹಿಂದಿನ ಹಾಲ್‌ನಲ್ಲಿ ವಾರವಾರ ಮಾತುಕತೆ ಇಟ್ಟಿದ್ದ. ಒಪ್ಪದವರೊಬ್ಬರು ಎದುರಿಗಿದ್ದರೆ ಚರ್ಚೆ ಕಳೆಗಟ್ಟುತ್ತದೆ ಅಂದುಕೊಂಡಿದ್ದ. ಬೇಲಿ ಮೇಲಿನ ಓತಿಕ್ಯಾತವನ್ನು ತಂದು ಕಿವಿಗೆ ಬಿಟ್ಟುಕೊಂಡ ಹಾಗಾಯಿತು.

ಅಲ್ಲಿನ ನಿಯಮವೂ ಅವನದೇ. ಯಾರ ಮಾತನ್ನಾದರೂ ಖಂಡಿಸಬೇಕೆಂದರೆ, ಮೊದಲು ಅದನ್ನು ಅವರ ಪರವಾಗಿ ತಾನೇ ಹೇಳಬೇಕು. "ಹೌದು, ನಾನು ಹೇಳಿದ್ದು ಅದೇ" ಎಂದು ಅವರು ಒಪ್ಪಿದ ಮೇಲೆಯೇ ಉತ್ತರ. ಒಪ್ಪದಿದ್ದರೆ ಸುಮ್ಮನೆ ಕೂರಬೇಕು.

ಆ ಭಾನುವಾರ ಮೇಷ್ಟ್ರು ಹೊಸ ಫ್ರೇಮನ್ನು ಮೂಗಿನ ಮೇಲೆ ಏರಿಸಿಕೊಳ್ಳುತ್ತಾ ಶುರು ಮಾಡಿದರು.

"ಎಲ್ಲರಿಗೂ ಸೇರಿ ಒಂದೇ ದೊಡ್ಡ ಕಥೆ ಇದೆ ಅನ್ನೋದನ್ನ ನಾನು ನಂಬಲ್ಲ. ದೊಡ್ಡ ಕಥೆ ಹೇಳೋರ ಕೈಲಿ ಯಾವಾಗಲೂ ಒಂದು ದೊಣ್ಣೆ ಇರುತ್ತೆ. ನನಗೆ ಸಣ್ಣ ಸಣ್ಣ ಕಥೆಗಳೇ ಇಷ್ಟ."

"ಇಬ್ಬರ ಕಥೆ ಒಂದಕ್ಕೊಂದು ಹೊಂದದೇ ಇದ್ರೆ?" ಮುಂದಿನ ಸಾಲಿನಿಂದ ಅವಳು ಕೇಳಿದಳು.

"ಇಬ್ಬರೂ ಕೂತು ಟೀ ಕುಡೀಬೇಕು."

ಅವಳು ನಕ್ಕಳು. ಎಡಗೆನ್ನೆಯಲ್ಲಿ ಗುಳಿ ಬಿತ್ತು. ಆ ಗುಳಿಗಾಗಿ ಚಿಕ್ಕ ಪಾಸ್ಟರ್ ತನ್ನ ಪ್ರಸಂಗಗಳಲ್ಲಿ ಎಷ್ಟೋ ಜೋಕ್ ತುರುಕಿ ಸೋತಿದ್ದ. ಇವರಿಗೆ ಒಂದು ಟೀ ಸಾಕಾಯಿತು! ಅವನು ಥಟ್ಟನೆ ಎದ್ದು ನಿಂತ.

"ಮೇಷ್ಟ್ರು ಹೇಳ್ತಿರೋದು, ಸತ್ಯ ಅನ್ನೋದೇ ಇಲ್ಲ. ಯಾರು ಏನು ಬೇಕಾದ್ರೂ ಹೇಳಬಹುದು."

"ಅಲ್ಲ," ಎಂದರು ಮೇಷ್ಟ್ರು, ಶಾಂತವಾಗಿ.

"ಇವರಿಗೆ ಯಾವುದೂ ಸ್ಥಿರ ಅಲ್ಲ. ಇವತ್ತೊಂದು ಮಾತು, ನಾಳೆ ಇನ್ನೊಂದು. ಇವತ್ತೊಂದು ಫ್ರೇಮ್, ನಾಳೆ ಇನ್ನೊಂದು!"

ಅತ್ತಿಗೆ ಟೀ ಕಪ್ಪಿನಲ್ಲಿ ಮುಖ ಹುದುಗಿಸಿದಳು. "ಕೂತ್ಕೋ ತಮ್ಮಾ," ಎಂದರು ಹಿರಿಯ ಪಾಸ್ಟರ್. ನಿಯಮ ಮಾಡಿದವನೇ ಆ ನಿಯಮಕ್ಕೆ ಸಿಕ್ಕಿ ಮುಖ ಕೆಂಪಗೆ ಮಾಡಿಕೊಂಡು ಕೂತ.

ಸಭೆ ಮುಗಿದು ಅವನು ಕುರ್ಚಿ ಎತ್ತಿಡುತ್ತಿದ್ದಾಗ ಬಾಗಿಲ ಬಳಿ ಮೇಷ್ಟ್ರು ಅವಳಿಗೆ ಏನೋ ಹೇಳುತ್ತಿದ್ದರು. ಅವಳು ಕೈ ಚಾಚಿ ಅವರ ಕನ್ನಡಕ ತೆಗೆದು, ಕಡ್ಡಿಯನ್ನು ಸ್ವಲ್ಪ ಬಾಗಿಸಿ, ಮರಳಿ ಕೊಟ್ಟಳು. ಅಂಗಡಿಯಲ್ಲಿ ಹತ್ತಾರು ಜನರಿಗೆ ಮಾಡುವ ಕೆಲಸವೇ. ಆದರೂ ಚಿಕ್ಕ ಪಾಸ್ಟರ್ ಕೈಯಲ್ಲಿದ್ದ ಕುರ್ಚಿ ಧಡಾರನೆ ಬಿತ್ತು.

ಬೀಗ ಹಾಕಲೆಂದು ಚರ್ಚಿನೊಳಗೆ ಹೋದಾಗ ಅವಳು ಆರ್ಗನ್ ಮುಂದೆ ಕುಳಿತಿದ್ದಳು. ನುಡಿಸುತ್ತಿರಲಿಲ್ಲ.

"ಫ್ರೇಮ್ ವಿಷಯ ಯಾಕೆ ತೆಗೆದ್ರಿ?"

"ಬಾಯಿ ತಪ್ಪಿ ಬಂತು."

"ಪಾಸ್ಟರ್ ಆಗಿ ಸುಳ್ಳು ಹೇಳ್ತೀರಲ್ಲ! ಸಿಟ್ಟು ನನ್ನ ಮೇಲೆ ತಾನೇ? ಹಾಗಾದ್ರೆ ನಿಯಮ ನನಗೂ ಇರಲಿ. ನನ್ನ ಮನಸ್ಸಲ್ಲಿ ಏನಿದೆ ಅಂತ ನೀವೇ ಹೇಳಿ. ನಾನು ಹೌದು ಅಂದ ಮೇಲೆ ಬೇಕಾದಷ್ಟು ಸಿಟ್ಟು ಮಾಡ್ಕೊಳ್ಳಿ."

"ನಿಮಗೆ ಮೇಷ್ಟ್ರು ಇಷ್ಟ."

"ಅಲ್ಲ. ಅವರಿಗೆ ನಾನು ಇಷ್ಟ. ಈಗ ಬಾಗಿಲಲ್ಲಿ ಮದುವೆ ಮಾತೇ ಎತ್ತಿದ್ರು. ಮುಂದಿನ ಭಾನುವಾರ ಉತ್ತರ ಹೇಳಬೇಕಂತೆ."

ಅವನು ಹತ್ತಿರದ ಬೆಂಚಿನ ಅಂಚಿಗೆ ಕುಸಿದು ಕೂತ. "ಅವರ ವಿಚಾರ ನಿಮಗೆ ಸರಿ ಅನ್ನಿಸಿದೆ."

"ಅರ್ಧ ಮಾತ್ರ. ದೊಣ್ಣೆ ಹಿಡಿದವರ ಕಥೆ ಅಂದ್ರೆ ನನಗೂ ಭಯ. ಆದ್ರೆ ನಾವು ನಂಬಿರೋ ಕಥೆಯಲ್ಲಿ ಒಡೆಯನೇ ಏಟು ತಿಂದು ಶಿಲುಬೆ ಏರಿದ, ಯಾರಿಗೂ ಹೊಡೀಲಿಲ್ಲ. ಅದನ್ನ ಇವತ್ತು ನೀವು ಹೇಳ್ತೀರಿ ಅಂತ ಕಾದು ಕೂತಿದ್ದೆ. ನೀವು ಫ್ರೇಮ್ ಹಿಡ್ಕೊಂಡ್ರಿ."

ಅವನು ತಲೆ ತಗ್ಗಿಸಿದ. ಅವಳು ಬಿಡಲಿಲ್ಲ.

"ಬರೆದವರ ಮನಸ್ಸು ತಿಳೀದೆ ಓದುಗ ತನ್ನಿಷ್ಟದ ಅರ್ಥ ಹಚ್ಚಬಾರದು ಅಂತ ಮೇಷ್ಟ್ರ ಜೊತೆ ವಾರವಾರ ಜಗಳ ಆಡೋರು ನೀವು. ನನ್ನ ವಿಷಯಕ್ಕೆ ಬಂದ್ರೆ ಮಾತ್ರ ಒಂದು ಸಲ ಕೇಳದೇನೇ ಅರ್ಥ ಹಚ್ಚಿಬಿಟ್ರಲ್ಲ?"

ಅವನ ಅಂಗೈಯಲ್ಲಿ ಬೀಗದ ಕೈ ಒತ್ತುತ್ತಿತ್ತು. ಅದನ್ನೇ ನೋಡುತ್ತಾ ಕೂತವನಿಗೆ ಕಳೆದ ಭಾನುವಾರಗಳೆಲ್ಲ ನೆನಪಾದವು. ಜನರೆಲ್ಲ ಹೋದ ಮೇಲೂ ಅವಳು ಕೊನೆಯ ಹಾಡನ್ನು ಮತ್ತೆ ಮತ್ತೆ ನುಡಿಸುತ್ತಿದ್ದಳು. ಅವನು ಬೀಗ ಹಾಕಲು ಬಂದ ಕೂಡಲೇ ನಿಲ್ಲಿಸುತ್ತಿದ್ದಳು. ಪಾಪ, ಎಷ್ಟು ಅಭ್ಯಾಸ ಮಾಡುತ್ತಾಳೆ ಎಂದುಕೊಂಡು ಅವನು ಬಾಗಿಲಲ್ಲೇ ನಿಂತು ಕಾಯುತ್ತಿದ್ದ. ದಡ್ಡ!

"ಆ ಕೊನೇ ಹಾಡು..." ಅವನು ಆರ್ಗನ್ ಕಡೆ ನೋಡಿದ. "ನೀವು ಅಭ್ಯಾಸಕ್ಕೆ ಅಂತ ಕೂರ್ತಿರಲಿಲ್ಲ."

ಈ ಸಲ ಅವಳು ಅಲ್ಲ ಅನ್ನಲಿಲ್ಲ.

"ನಾನು ಬರೋ ತನಕ ಕೂರ್ತಿದ್ರಿ. ಇವತ್ತಾದ್ರೂ ಇವನು ಬಾಯಿ ಬಿಡ್ತಾನೆ ಅಂತ."

ಅವಳ ಕಣ್ಣುಗಳು ತುಂಬಿಕೊಂಡವು. ಆದರೂ ಹೌದು ಅನ್ನಲಿಲ್ಲ.

ಚಿಕ್ಕ ಪಾಸ್ಟರ್ ಎದ್ದು ನಿಂತ. "ನಾನು ನಿಮ್ಮನ್ನ ಪ್ರೀತಿಸ್ತೀನಿ ಅನ್ನೋದು ನಿಮಗೆ ಯಾವತ್ತೋ ಗೊತ್ತು. ಗೊತ್ತಿದ್ರೂ ಅದನ್ನ ನನ್ನ ಬಾಯಿಂದಲೇ ಕೇಳಬೇಕು ನಿಮಗೆ. ಯಾಕಂದ್ರೆ... ನಿಮಗೂ ನಾನು ಬೇಕು."

ಅವಳ ಎಡಗೆನ್ನೆಯಲ್ಲಿ ಗುಳಿ ಬಿತ್ತು.

"ಹೌದು," ಎಂದಳು. "ನಾನು ಹೇಳಿದ್ದು ಅದೇ."