ಥಂಡಿ ಇಂಜೆಕ್ಷನ್ನು

"ನಬೀಸಾಬ್ರ, ಇಂಜೆಕ್ಷನ್ ಕದ್ದಾರ್ರೀ!" ಎಂದು ಜಯಶ್ರೀ ಓಡಿ ಬಂದಾಗ ನಾನೂ ನಬೀಸಾಬರೂ ಸವಣೂರಿನ ಆ ಸಣ್ಣ ಆಸ್ಪತ್ರೆಯ ಎದುರು ಚಹಾ ಕುಡಿಯುತ್ತಿದ್ದೆವು. ನನಗೆ ಮೈಯೆಲ್ಲ ಉರಿದುಹೋಯಿತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದ ಆ ಇಂಜೆಕ್ಷನ್ನಿನ ಬರ್ಫದ ಪೆಟ್ಟಿಗೆಯನ್ನು ಯಲವಿಗಿ ಸ್ಟೇಷನ್ನಿನಿಂದ ನಾನೇ ತಂದುಕೊಟ್ಟು ಒಂದು ತಾಸೂ ಆಗಿರಲಿಲ್ಲ.

ಜಯಶ್ರೀಯ ಗಂಡ ಲೋಹಿತ ಒಳಗೆ ಆಕ್ಸಿಜನ್ ಮೇಲಿದ್ದ. ವೈರಸ್ಸನ್ನು ಹೊಡೆಯಲು ಎದ್ದ ಮೈಯ ರೋಗನಿರೋಧಕ ಶಕ್ತಿಯೇ ಹದ್ದು ಮೀರಿ ಅವನ ಶ್ವಾಸಕೋಶಕ್ಕೆ ಬಾವು ತಂದಿತ್ತು. ಅದನ್ನು ತಣಿಸುವ ಇಂಜೆಕ್ಷನ್ ಸಿಕ್ಕಿದ್ದು ಇದೊಂದೇ. ಇವತ್ತೇ ಕೊಡಬೇಕು, ತಡವಾದರೆ ಉಪಯೋಗವಿಲ್ಲ ಎಂದಿದ್ದರು ಡಾಕ್ಟರ್ ಮಂಜುಳಾ.

ನಬೀಸಾಬರು ಮೂವತ್ತು ವರ್ಷ ಹಳ್ಳಿ ಹಳ್ಳಿಗೆ ಲಸಿಕೆಯ ಪೆಟ್ಟಿಗೆ ಹೊತ್ತವರು. ನಮ್ಮೂರಲ್ಲಿ ಏನು ಕಳೆದರೂ ಜನ ಮೊದಲು ಬರುವುದು ಇವರ ಹತ್ತಿರವೇ.

ಪೆಟ್ಟಿಗೆ ಮಂಚದ ಪಕ್ಕದಲ್ಲೇ ಇತ್ತು. ಮುಚ್ಚಳ ಸರಿಯಾಗಿ ಮುಚ್ಚಿತ್ತು, ಬರ್ಫ ಕರಗಿರಲಿಲ್ಲ, ಬಾಟಲಿ ಮಾತ್ರ ಇಲ್ಲ.

"ನಾ ಸಲೈನ್ ತರಾಕ ಹೋಗಿದ್ನಿರಿ, ಅಷ್ಟ" ಎಂದು ನರ್ಸ್ ಮದಿಹಾ ಅಳುತ್ತಿದ್ದಳು. "ಮುಂಜಾನೆಯಿಂದ ಬರೇ ಬೈಸ್ಕೊಳ್ಳೋದ ಆಗೇತಿ. ಮೊಸರನ್ನ ಕೊಟ್ಟಿದ್ದಕ್ಕ ಲೋಹಿತಣ್ಣನ ಅವ್ವ ಬೈದ್ರು. ಫ್ಯಾನ್ ಹಚ್ಚಿದ್ದಕ್ಕೂ ಬೈದ್ರು."

ಔಷಧದಂಗಡಿಯ ಶಾಹಬಾಜ ಆಗಷ್ಟೇ ವಾರ್ಡಿಗೆ ಬಂದುಹೋಗಿದ್ದನಂತೆ. ಅವನೇ ಕಳ್ಳ ಎಂದು ನಾನು ತೀರ್ಮಾನಿಸಿಬಿಟ್ಟೆ. ನಬೀಸಾಬರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಎಲ್ಲರನ್ನೂ ವಾರ್ಡಿನ ಬಾಗಿಲಿಗೆ ಕರೆಸಿದರು.

"ಮಾರಾಕ ಕದ್ದಾವ್ರು ಪೆಟ್ಟಿಗಿ ಸಮೇತ ಒಯ್ತಿದ್ರು. ಬರ್ಫ ಬಿಟ್ರ ಈ ಔಷಧ ಕೆಡತೈತಿ ಅಂತ ಶಾಹಬಾಜಗ ಗೊತ್ತೈತಿ, ಮದಿಹಾಗೂ ಗೊತ್ತೈತಿ. ಇದನ್ನ ತಗದಾವ್ರಿಗೆ ಆ ಬರ್ಫನ ಬ್ಯಾಡಾಗಿತ್ತು. ಮಗಗ ಥಂಡಿ ಹತ್ತೇತಿ ಅಂತ ಮೊಸರು ಬ್ಯಾಡ, ಫ್ಯಾನ್ ಬ್ಯಾಡ ಅಂದಾವ್ರು, ಬರ್ಫದಾಗಿನ ಇಂಜೆಕ್ಷನ್ ಹೆಂಗ ಕೊಡಸ್ತಾರ? ಅಕ್ಕಾರ, ನಿಮ್ಮ ಸಂಚಿ ಬಿಚ್ಚರಿ."

ಲೋಹಿತನ ತಾಯಿ ಕರೆವ್ವ ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿದಳು. ಅರಿವೆಯಲ್ಲಿ ಸುತ್ತಿದ ಬಾಟಲಿ ಅದರೊಳಗಿತ್ತು. "ಬೆಚ್ಚಗ ಮಾಡಿ ತಿರಗಿ ಇಡಾವಾಕಿ ಇದ್ನೆಪಾ. ನನ್ನ ಮಗನ್ನ ನಾನ ಕೊಂದ್ನೇನು?"

ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಕಂಪನಿಗೆ ಫೋನ್ ಮಾಡಿದರು. ಒಳಗೆ ಲೋಹಿತ ಏದುಸಿರು ಬಿಡುವುದು ನಮಗೆಲ್ಲ ಕೇಳುತ್ತಿತ್ತು.

"ಇಷ್ಟೊತ್ತು ಬರ್ಫದ ಹೊರಗಿದ್ರೂ ನಡೀತೈತಂತ. ಮದಿಹಾ, ಸಲೈನ್ ತಾ" ಎಂದರು ಡಾಕ್ಟರು. ಆಮೇಲೆ ಕರೆವ್ವನ ಕಡೆ ತಿರುಗಿದರು. "ಏರಸೂ ಮೊದಲ ನಾವೂ ಇದರ ಥಂಡಿ ಬಿಡಸ್ತೇವಿ, ಯವ್ವಾ. ಅದನ್ನ ನಿನಗ ಮೊದಲ ಹೇಳಬೇಕಾಗಿತ್ತು. ತಪ್ಪು ನಂದ."

ಶಾಹಬಾಜನಿಗೆ ನಾನು ಚಹಾ ಕುಡಿಸಿದೆ. ಯಾಕೆ ಎಂದು ಅವನು ಕೇಳಿದಾಗ ಇನ್ನೊಂದು ಕಪ್ ಹೇಳಿದೆ.

ಐದನೆಯ ದಿನ ಲೋಹಿತ ಎದ್ದು ಕೂತು ಮೊಸರನ್ನ ಕೇಳಿದ. ಕರೆವ್ವ ಒಮ್ಮೆ ಮದಿಹಾಳ ಮುಖ ನೋಡಿದಳು, ಆಮೇಲೆ ತನ್ನ ಕೈಯಾರೆ ಕಲಸಿ ಉಣಿಸಿದಳು.